ಬಾಗಿಲಿಗೆ ಮೂರು ಮನೆ

ಕರೆಂಟು ಹೋದ ಕೂಡಲೇ ಬೇರೆಯವರ ಮನೆಯಲ್ಲಿ ಎಲ್ಲರೂ ಬಲ್ಬಿನ ಕಡೆ ನೋಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಕಡೆ ನೋಡುತ್ತಿದ್ದೆವು. ಅಪ್ಪ ಲೈನ್‌ಮನ್. ಊರಿಗೆ ಕತ್ತಲಾಯಿತೆಂದರೆ ಅಪ್ಪ ಅರ್ಧ ಊಟದಲ್ಲಿ ಕೈತೊಳೆದು ರೇನ್‌ಕೋಟು ಹುಡುಕುತ್ತಾನೆ ಎಂದೇ ನಮಗೆ ಅರ್ಥ.

ಈ ಜೂನಿನಲ್ಲಿ ಭಟ್ಕಳದ ಹತ್ತಿರ ಮುಟ್ಟಳ್ಳಿಯ ತವರುಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟವಾಗಿ ಇನ್ನೇನು ಅಡ್ಡಾಗಬೇಕು ಅನ್ನುವಾಗ ಒಂದು ಗಾಳಿ ಬೀಸಿತು, ಹಿತ್ತಲಲ್ಲಿ ತೆಂಗಿನ ಗರಿ ಬಿದ್ದ ಸದ್ದಾಯಿತು, ಫ್ಯಾನು ನಿಂತಿತು. ನನ್ನ ಕಣ್ಣು ತಾನಾಗಿ ಅಪ್ಪನ ಕುರ್ಚಿಯ ಕಡೆ ಹೋಯಿತು. ಕುರ್ಚಿಯ ಮೇಲೆ ಒಣಗದ ಬಟ್ಟೆಯ ರಾಶಿ ಇತ್ತು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಕಣ್ಣಿಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ.

ಆ ಮನೆಯಲ್ಲಿ ಈಗ ನನ್ನ ತಂಗಿ ಶೈಲಾ ಗಂಡ, ಮಗಳ ಜೊತೆ ಇದ್ದಾಳೆ. ಅಮ್ಮ ಅವರ ಜೊತೆಗೇ. ಶೈಲಾಳ ಮಗಳು ಅನನ್ಯಾಳ ಮೊಬೈಲು ಚಾರ್ಜಿಲ್ಲದೆ ಸತ್ತಿತ್ತು, ತನ್ನ ಜೀವವೂ ಅದರ ಜೊತೆಗೇ ಹೋದ ಹಾಗೆ ಅವಳು ಮುಖ ಮಾಡಿಕೊಂಡಿದ್ದಳು. "ದೊಡ್ಡಮ್ಮಾ, ಎಂತಾರೂ ಆಡುವಾ," ಎಂದು ನನ್ನ ಸೆರಗು ಹಿಡಿದಳು. ಅಟ್ಟದ ಮೇಲೆ ಕೇರಂ ಬೋರ್ಡ್ ಇರಬಹುದೆಂದು ಏಣಿ ಹಾಕಿ ಹತ್ತಿದೆ. ಕೇರಂ ಬೋರ್ಡ್ ಸಿಗಲಿಲ್ಲ. ಗೋಣಿಯ ಕೆಳಗೆ ಚೌಕದ ಒಂದು ದೊಡ್ಡ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಥಂಡಿ ಹಿಡಿದ ರಟ್ಟಿನ ವಾಸನೆ, ಡಾಂಬರು ಗುಳಿಗೆಯ ವಾಸನೆ, ಇವೆರಡರ ಹಿಂದೆ ಸಣ್ಣಗೆ ನೋವಿನ ಎಣ್ಣೆಯ ವಾಸನೆ. ಏಣಿಯ ಮೇಲೆಯೇ ನಿಂತುಬಿಟ್ಟೆ. ಆ ಎಣ್ಣೆ ಅಪ್ಪನ ಕಾಲಿನದು.

ಅಪ್ಪ ಕಾಲು ಮುರಿದುಕೊಂಡಾಗ ನಾನು ಎಂಟನೇ ಕ್ಲಾಸು, ಶೈಲಾ ಎರಡನೇ ಕ್ಲಾಸು. ಮೇ ಕೊನೆಯ ಗುಡುಗುಮಳೆಯಲ್ಲಿ ಲೈನಿನ ಮೇಲೆ ಬಿದ್ದ ಮರದ ಗೆಲ್ಲು ಬಿಡಿಸಲು ಹೋಗಿ ಒದ್ದೆ ಕಂಬದಿಂದ ಜಾರಿ ಬಿದ್ದಿದ್ದ. ಹೊನ್ನಾವರದ ಆಸ್ಪತ್ರೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಎರಡೂವರೆ ತಿಂಗಳು ಏಳುವ ಹಾಗಿಲ್ಲ ಅಂದರು. ಅಮ್ಮ ಅತ್ತಳು. ನಾನೂ ಅತ್ತೆ. ಆದರೆ ಅಳುವಾಗಲೇ ಬೆರಳು ಮಡಚಿ ಲೆಕ್ಕ ಹಾಕಿದ್ದೆ: ಎರಡೂವರೆ ತಿಂಗಳು ಅಂದರೆ ಇಡೀ ಮಳೆಗಾಲ. ಅಲ್ಲಿಯವರೆಗೆ ನನಗೆ ಮಳೆಗಾಲದ ಅಪ್ಪನೆಂದರೆ ಮೊಳೆಗೆ ತೂಗುಹಾಕಿದ ಒದ್ದೆ ರೇನ್‌ಕೋಟು ಮಾತ್ರ. ಬೆಳಿಗ್ಗೆ ಏಳುವಾಗ ಇಲ್ಲ, ಮಲಗುವಾಗ ಇಲ್ಲ. ಆ ವರ್ಷ ಅಪ್ಪ ಮನೆಯಲ್ಲಿರುತ್ತಾನೆ. ಅಷ್ಟು ಸಂತೋಷ ಪಡಬಾರದಿತ್ತು. ಪಟ್ಟೆ.

ಅಮ್ಮನ ಮಳೆಗಾಲ ಬೇರೆಯೇ. ಅಪ್ಪನ ಬೈಕು ಗೇಟು ದಾಟಿದ ಮೇಲೆ ಅವಳು ಜಗಲಿ ಗುಡಿಸುತ್ತಿರಲಿಲ್ಲ, ಅಪ್ಪ ಕುಡಿದಿಟ್ಟ ಲೋಟವನ್ನೂ ಎತ್ತುತ್ತಿರಲಿಲ್ಲ. ಹೊರಗೆ ಹೋದವರ ಹಿಂದೆಯೇ ಮನೆ ಗುಡಿಸಬಾರದು ಎನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಹತ್ತು ನಿಮಿಷ ಬಿಟ್ಟು ಎಲ್ಲರೂ ಗುಡಿಸುತ್ತಾರೆ. ಅಮ್ಮ ಕರೆಂಟು ಬರುವವರೆಗೆ ಕಾಯುತ್ತಿದ್ದಳು. ಮೇಲೆ ಹತ್ತಿದವರೆಲ್ಲ ಕೆಳಗಿಳಿದ ಮೇಲೆಯೇ ಲೈನಿಗೆ ಕರೆಂಟು ಬಿಡುವುದು ಎಂದು ಅಪ್ಪ ಮದುವೆಯಾದ ಹೊಸದರಲ್ಲಿ ಹೇಳಿದ್ದನಂತೆ. ಹಾಗಾಗಿ ಬಲ್ಬು ಹತ್ತಿದ ಕೂಡಲೇ ಊರಿಗೆಲ್ಲ ಬೆಳಕು, ಅಮ್ಮನಿಗೆ ಮಾತ್ರ ಒಂದು ಸುದ್ದಿ. "ಇಳಿದ್ರು," ಎಂದು ತನಗೆ ತಾನೇ ಹೇಳಿ ಗುಡಿಸುವ ಹಿಡಿ ಎತ್ತಿಕೊಳ್ಳುತ್ತಿದ್ದಳು.

ಜೂನ್ ಎರಡನೇ ವಾರಕ್ಕೇ ಅಪ್ಪನಿಗೆ ಕೂತು ಕೂತು ಬೇಜಾರು ಹತ್ತಿತು. ಬೇಜಾರಾದ ಅಪ್ಪನ ಜೊತೆ ಸಂಸಾರ ಮಾಡುವುದು ಮಳೆಗಿಂತ ಕಷ್ಟ. ಮಿಕ್ಸಿ ಬಿಚ್ಚಿದ, ಗಡಿಯಾರ ಬಿಚ್ಚಿದ, ಅಮ್ಮನ ಹೊಲಿಗೆ ಮಷೀನಿಗೆ ಕೈ ಹಾಕುವಾಗ ಅಮ್ಮ ಕತ್ತರಿ ತೋರಿಸಿದಳು. ಆ ಹೊತ್ತಿಗೆ ಸರಿಯಾಗಿ ಪೇಟೆಯ ಜುಬೇದಾಬಾಯಿಯ ಮನೆಗೆ ಹೊಲಿದ ಬಟ್ಟೆ ಕೊಡಲು ಹೋದ ಅಮ್ಮ ಈ ಪೆಟ್ಟಿಗೆ ತಂದಳು. ಜುಬೇದಾಬಾಯಿಯ ಮೊಮ್ಮಕ್ಕಳು ದುಬೈಯಿಂದ ರಜೆಗೆ ಬಂದವರು ಆಡಿ, ಸಾಕಾಗಿ, ಬಿಟ್ಟುಹೋಗಿದ್ದರು. "ಇಲ್ಲಿಟ್ರೆ ಇಲಿ ತಿಂತದೆ, ನಿನ್ನ ಮಕ್ಕಳು ಆಡ್ಲಿ" ಎಂದು ಕೊಟ್ಟರಂತೆ.

ಬೋರ್ಡು ಬಿಡಿಸಿದರೆ ಒಂದು ಬೆಟ್ಟದೊಳಗಿನ ಗುಹೆಯ ಚಿತ್ರ, ಅದರ ತುಂಬ ಚೌಕಾಬಾರದ ಹಾಗೆ ಮನೆಗಳು. ಬೆಟ್ಟದ ಕೆಳಗಿನ ಊರಿನ ಆರದ ದೀಪವನ್ನು ಒಂದು ರೆಕ್ಕೆಯ ಮೃಗ ಕದ್ದು ಗುಹೆಯ ತಳದಲ್ಲಿ ಇಟ್ಟುಕೊಂಡಿದೆ. ನಾಲ್ಕು ಜನ ಒಳಗೆ ಹೋಗಿ ದೀಪ ತರಬೇಕು. ನಾಲ್ವರೂ ಬಾಗಿಲಿನಿಂದ ಹೊರಗೆ ಬಂದರೆ ಆಟ ಗೆದ್ದ ಹಾಗೆ. ಸೋತರೆ ಎಲ್ಲರೂ ಸೇರಿಯೇ ಸೋಲುವುದು. ಇದನ್ನು ಇಂಗ್ಲಿಷಿನ ನಿಯಮದ ಪುಸ್ತಕದಿಂದ ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಕೂತು ನಾನೇ ಓದಿ ಹೇಳಿದೆ. ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ, ಹಾಗಂತ ನನ್ನ ನಂಬಿಕೆ.

ಕತೆ ಕೇಳಿದ ಅಪ್ಪ ನಕ್ಕುಬಿಟ್ಟ. "ಕರೆಂಟು ಹೋತು, ಲೈನ್‌ಮನ್ನ ಕರಿತಾ ಇದ್ರು. ಕಾಲು ಮುರ್ಕಂಡು ಕೂತ್ರೂ ಬಿಡೂದಿಲ್ಲ ನನ್ನ."

ಅಪ್ಪ ಕೋಲು ಹಿಡಿದ ಮಂತ್ರವಾದಿ ಮುದುಕನ ಗೊಂಬೆ ಆರಿಸಿಕೊಂಡ. ಆ ಕೋಲು ಫ್ಯೂಸ್ ತೆಗೆಯುವ ಕೋಲಿನ ಹಾಗೇ ಇದೆ ಎಂದು ಅವನ ವಾದ. ಅಮ್ಮ ಕುಳ್ಳನೆಯ ಗಡ್ಡದವನನ್ನು ಎತ್ತಿಕೊಂಡು, "ನನಗೆ ಈ ಕೊಡ್ಲಿಯಂವ ಇರ್ಲಿ, ಕಟ್ಟಿಗೆ ಒಡೆಯೂಕಾದ್ರೂ ಆತದೆ," ಎಂದಳು. ನನಗೆ ಕತ್ತಿಯ ಹುಡುಗಿ, ಶೈಲಾಳಿಗೆ ಬಿಲ್ಲಿನವಳು. ಗುಹೆಯ ತಳದ ಭಯಂಕರ ಮೃಗಕ್ಕೆ ಶೈಲಾ ಇಟ್ಟ ಹೆಸರು ಓತಿಕ್ಯಾತ. ಮುಂದೆ ಅದಕ್ಕೆ ಯಾರೂ ಹೆದರಲಿಲ್ಲ.

ಅಮ್ಮ ಬಟ್ಟೆ ಕತ್ತರಿಸುವ ಹಲಗೆಯೇ ನಮ್ಮ ಆಟದ ಮೇಜು. ಅಪ್ಪನ ಕುರ್ಚಿಯ ಮುಂದೆ ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು, ಅದರ ಪಕ್ಕ ಇನ್ನೊಂದು ಸ್ಟೂಲಿನ ಮೇಲೆ ಅಪ್ಪನ ಪ್ಲಾಸ್ಟರ್ ಕಾಲು. ಅಮ್ಮ ಆ ಮಳೆಗಾಲ ಪೂರ್ತಿ ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸಿದಳು. ಶಾಲೆಯಿಂದ ಒದ್ದೆಯಾಗಿ ಬಂದು, ಬಟ್ಟೆ ಬದಲಿಸಿ, ಅವಲಕ್ಕಿ ತಿನ್ನುತ್ತ ಕೂತರೆ ದೀಪ ಹಚ್ಚುವ ಹೊತ್ತಿನವರೆಗೆ ಆಟ.

ಆಡುವುದರಲ್ಲಿ ಮನುಷ್ಯರ ಗುಣ ಗೊತ್ತಾಗುತ್ತದೆ. ಅಮ್ಮ ಎದುರು ಬಂದದ್ದನ್ನೆಲ್ಲ ಕೊಚ್ಚಿದಳು. ಜೇಡವಿರಲಿ, ಅಸ್ಥಿಪಂಜರವಿರಲಿ, ಅವಳು ದಾಳ ಉರುಳಿಸುವ ರಭಸಕ್ಕೇ ಅರ್ಧ ಸಾಯುತ್ತಿದ್ದವು. ಅಪ್ಪ ಮಾತ್ರ ಒಂದು ಮನೆ ಮುಂದೆ ಹೋಗುವುದಕ್ಕೂ ತಡೆಯುತ್ತಿದ್ದ. "ನಿಲ್ಲು. ಲೈನ್ ಕ್ಲಿಯರ್ ತಕಂಡ್ಯಾ?" ಲೈನಿನಲ್ಲಿ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕಂಬ ಮುಟ್ಟುವುದು ಅವನ ಕೆಲಸದ ಕಟ್ಟಳೆ. ಹಾಗಾಗಿ ಹೊಸ ಕೋಣೆಗೆ ಕಾಲಿಡುವ ಮೊದಲು ಉಳಿದ ಮೂವರೂ "ಲೈನ್ ಕ್ಲಿಯರ್" ಅನ್ನಬೇಕಿತ್ತು. ಶೈಲಾ ಕಿರುಚಿ ಹೇಳುತ್ತಿದ್ದಳು. ಅಮ್ಮ ಮೊದಮೊದಲು ನಾಚಿಕೊಂಡು, ಆಮೇಲೆ ಹಪ್ಪಳ ಕರಿಯುತ್ತ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು. ಅಷ್ಟು ನಗುವ ಅಮ್ಮನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಜುಲೈಯಲ್ಲಿ ಅಪ್ಪನ ಆಫೀಸಿನ ಸಾಹೇಬರು ನೋಡಲು ಬಂದರು. ಫೋನಿನಲ್ಲಿ ಬರುವ ದೂರು ಬರೆದುಕೊಳ್ಳುವ ಕುರ್ಚಿ ಒಂದು ಖಾಲಿಯಾಗುತ್ತಿದೆ, ಕಾಲಿನ ಕಾರಣ ಹೇಳಿ ಅರ್ಜಿ ಕೊಟ್ಟರೆ ಸಿಗುತ್ತದೆ, ಚೌತಿಯ ಒಳಗೆ ಕೊಡಬೇಕು ಅಂದರು. ಚಾ ಲೋಟ ಎತ್ತುವ ಮೊದಲೇ ಅಮ್ಮ ಹಾಳೆ, ಪೆನ್ನು ತಂದಿಟ್ಟಳು. ಅಪ್ಪ ಹಾಳೆ ನೋಡಿದ, ಬೋರ್ಡ್ ನೋಡಿದ.

"ಆಟ ಒಂದು ಮುಗೀಲಿ."

"ಆಟಕ್ಕೂ ಅರ್ಜಿಗೂ ಎಂತ ಸಂಬಂಧ?"

"ಮುಗೀಲಿ ಅಂದೆ ಅಲ್ದಾ. ದೀಪ ಹೊರಗೆ ತಂದ ಮೇಲೆ ನೀ ಹೇಳ್ದ ಹಾಂಗೇ."

ಅಮ್ಮ ಅಂದಿನಿಂದ ಆಟ ಮುಗಿಸಲಿಕ್ಕೆಂದೇ ಆಡಿದಳು. ನಾನು ಅಂದಿನಿಂದ ಆಟ ಮುಗಿಯದಿರಲಿಕ್ಕೆಂದು ಸುಳ್ಳು ಹೇಳತೊಡಗಿದೆ.

ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಆಟ ಮುಗಿದರೆ ಅಪ್ಪ ಅರ್ಜಿ ಬರೆಯುತ್ತಾನೆ, ಅರ್ಜಿ ಬರೆದರೆ ಆಫೀಸಿಗೆ ಹೋಗುತ್ತಾನೆ. ಆಟ ನಡೆಯುತ್ತಿದ್ದರೆ ಈ ಕುರ್ಚಿಯಲ್ಲೇ ಇರುತ್ತಾನೆ. ಆಫೀಸಿನ ಕುರ್ಚಿ ಸಿಕ್ಕರೆ ದಿನಾ ಸಂಜೆ ಮನೆಗೆ ಬರುತ್ತಾನೆ, ಮುಂದಿನ ಎಲ್ಲ ಮಳೆಗಾಲಕ್ಕೂ ಬರುತ್ತಾನೆ ಎಂಬುದು ಹೊಳೆಯಲೇ ಇಲ್ಲ. ಎಂಟನೇ ಕ್ಲಾಸಿನಲ್ಲಿ ಗಣಿತಕ್ಕೆ ತೊಂಬತ್ತು ತೆಗೆದವಳು ನಾನು.

ನಿಯಮದ ಪುಸ್ತಕದಲ್ಲಿ ಇಲ್ಲದ ನಿಯಮಗಳು ನನ್ನ ಬಾಯಲ್ಲಿ ಹುಟ್ಟಿದವು. ಬಾವಲಿಯ ಚೀಟಿ ಬಂದರೆ ಎಲ್ಲರೂ ಹಿಂದಿನ ಕೋಣೆಗೆ ಹೋಗಬೇಕು. ಹೊರಗೆ ಗುಡುಗಿದರೆ ಆ ದಿನ ಯಾರೂ ನಡೆಸುವ ಹಾಗಿಲ್ಲ. ಮುಟ್ಟಳ್ಳಿಯ ಜುಲೈಯಲ್ಲಿ ಈ ನಿಯಮ ಎಂಥ ಅನ್ಯಾಯದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಅಮ್ಮ ಗೊಣಗಿದಳು, "ಈ ಆಟ ಮಾಡ್ದಂವ ಯಾವ ಪುಣ್ಯಾತ್ಮನೋ." ಅಪ್ಪ ಮಾತ್ರ ಪ್ರತಿ ನಿಯಮವನ್ನೂ ಸಾಹೇಬರ ಆರ್ಡರಿನ ಹಾಗೆ ಗಂಭೀರವಾಗಿ ಕೇಳಿ ತಲೆಯಾಡಿಸುತ್ತಿದ್ದ.

ಅವನು ತಾನಾಗಿ ಹಾಕಿದ ನಿಯಮ ಒಂದೇ. ಆಗಸ್ಟ್ ಮೊದಲ ವಾರ ಪ್ಲಾಸ್ಟರ್ ಬಿಚ್ಚಿದ ಮರುದಿನ ಇರಬೇಕು, ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾಲಿಗೆ ಎಣ್ಣೆ ತಿಕ್ಕಿದ ಕೈ ಇನ್ನೂ ಜಿಡ್ಡಾಗಿತ್ತು. "ಆಟ ಮುಗಿದ ಮೇಲೆ ಗೆದ್ದವರೇ ಪೆಟ್ಟಿಗೆ ಜೋಡ್ಸೂದು. ಒಳಗಿನ ಟ್ರೇ ಎತ್ತಿ, ಅದರ ಅಡಿಯೂ ಒರೆಸಿ, ಆಮೇಲೆ ಗೊಂಬೆ ಇಡೂದು. ಆತಾ?" ಎಂದ. ಪಕ್ಕಡು, ಸ್ಕ್ರೂಡ್ರೈವರುಗಳನ್ನೂ ಒರೆಸಿಯೇ ಇಡುವ ಮನುಷ್ಯ. "ಆತು" ಎಂದು ತಲೆಯಾಡಿಸಿದೆವು.

ಆಗಸ್ಟ್ ಮಧ್ಯದ ಹೊತ್ತಿಗೆ ಓತಿಕ್ಯಾತ ಅಮ್ಮನ ಕೊಡಲಿಗೆ ಸತ್ತಿತ್ತು, ದೀಪ ಅಪ್ಪನ ಮುದುಕನ ಕೈಯಲ್ಲಿತ್ತು. ಒಂದು ಸಂಜೆ ನಾವು ಮೂವರು ಹೊರಗೆ ಬಂದುಬಿಟ್ಟೆವು. ಮುದುಕ ಬಾಗಿಲಿಗೆ ಮೂರು ಮನೆ ಹಿಂದೆ ಇದ್ದ. ಅಪ್ಪನ ಸರದಿ. ಅಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಳು, ಹಾಳೆ ಪೆನ್ನು ಅವಳ ಮಗ್ಗುಲಲ್ಲೇ ಇತ್ತು.

"ತಡಿ," ಎಂದೆ. "ದೀಪ ಹಿಡಿದವರು ಕೊನೇ ಕೋಣೆಯಲ್ಲಿ ಒಂದು ಇಡೀ ದಿನ ನಿಲ್ಲಬೇಕು."

ಅಮ್ಮನಿಗೆ ಸಿಟ್ಟು ಬಂತು. "ಎಲ್ಲಿ ಬರ್ದದೆ, ತೋರ್ಸು."

ಪುಸ್ತಕ ಬಿಡಿಸಿ ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ. ಅಪ್ಪ ಬಗ್ಗಿ ಆ ಸಾಲು ನೋಡಿದ. ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವನಿಗೆ ಅಷ್ಟು ಇಂಗ್ಲಿಷ್ ಬರುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ನನ್ನ ಮುಖ ನೋಡಿದ, ಎಷ್ಟೋ ಹೊತ್ತು.

"ಬರ್ದದೆ ಮಾರಾಯ್ತಿ," ಎಂದು ಅಮ್ಮನಿಗೆ ಹೇಳಿದ. "ನಾಳೆ ಮುಗಿಸುವ."

ಮರುದಿನ ಬೆಳಿಗ್ಗೆ ಗಾಳಿಮಳೆ ಎದ್ದಿತು. ಹೆದ್ದಾರಿಯ ಪಕ್ಕ ಎರಡು ಮರ ಲೈನಿನ ಮೇಲೆ ಬಿದ್ದು ಅರ್ಧ ಭಟ್ಕಳಕ್ಕೆ ಕರೆಂಟಿಲ್ಲ. ಫೋನು ಬಂತು. ಕೈ ಕಡಿಮೆ ಇದೆ, ಹತ್ತುವುದು ಬೇಡ, ಕೆಳಗೆ ನಿಂತು ಹುಡುಗರಿಗೆ ಹೇಳಿಕೊಟ್ಟರೆ ಸಾಕು ಅಂದರು. ಅಪ್ಪ ರೇನ್‌ಕೋಟು ಹಾಕಿಕೊಂಡು ಕುಂಟುತ್ತ ಹೊರಟ. ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಬೈಕು ಗೇಟು ದಾಟಿದ ಮೇಲೆ ಶೈಲಾ ಬೋರ್ಡಿನ ಹತ್ತಿರ ಹೋಗಿ ಮುದುಕನ ಗೊಂಬೆಗೆ ಕೈ ಹಾಕಿದಳು. "ಮುಟ್ಬೇಡ," ಎಂದಳು ಅಮ್ಮ. "ಹೊರಗೆ ಹೋದವ್ರದ್ದು ಮುಟ್ಟೂಕಾಗ. ಅವ್ರೇ ಬಂದು ನಡಸ್ಲಿ."

ಸಂಜೆ ಬಲ್ಬು ಹತ್ತಿತು. "ಇಳಿದ್ರು," ಎಂದ ಅಮ್ಮ ಒಮ್ಮೆಲೇ ನನ್ನ ಮುಖ ನೋಡಿದಳು. ಕೆಳಗೆ ನಿಲ್ಲಲು ಹೋದವನು ಇಳಿಯುವುದೆಲ್ಲಿಂದ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಅಪ್ಪ ಹತ್ತಿಯೇ ಇದ್ದ ಎಂದು ಆಮೇಲೆ ಗೊತ್ತಾಯಿತು. ಒದ್ದೆಯಾಗಿ ಮನೆಗೆ ಬಂದವನ ಮುಖ ಮುಂಚಿನ ಮಳೆಗಾಲಗಳ ಮುಖವೇ ಆಗಿತ್ತು. ಊಟ ಮಾಡಿ ಗೋಡೆಗೊರಗಿದವನು ಕೂತಲ್ಲೇ ನಿದ್ದೆ ಹೋದ. ಮರುದಿನ ಮತ್ತೆ ಫೋನು, ಅದರ ಮರುದಿನವೂ. ಮಂತ್ರವಾದಿ ಮುದುಕ ದೀಪ ಹಿಡಿದುಕೊಂಡು ಹಲಗೆಯ ಮೇಲೆ ನಿಂತೇ ಇದ್ದ.

ಚೌತಿಗೆ ಹತ್ತು ದಿನ ಇರುವಾಗ ಬ್ಲೌಸಿನ ರಾಶಿ ಬಂದು ಬಿತ್ತು. ಅಮ್ಮನಿಗೆ ಹಲಗೆ ಬೇಕೇ ಬೇಕಾಯಿತು. ಅಪ್ಪನ ಗೊಂಬೆ ಇದ್ದ ಮನೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕು ಎಂದು ನನಗೆ ಹೇಳಿದಳು. ಹಾಕಿದೆ. ಗೊಂಬೆಗಳನ್ನು ಬಿಸ್ಕೀಟಿನ ಡಬ್ಬಿಗೆ ತುಂಬಿದೆ, ಬೋರ್ಡನ್ನು ಟ್ರೇಯ ಮೇಲೆ ಮಡಚಿಟ್ಟು ಪೆಟ್ಟಿಗೆ ಮುಚ್ಚಿದೆ. ಗೆದ್ದವರು ಪೆಟ್ಟಿಗೆ ಜೋಡಿಸಬೇಕೆಂಬ ಮಾತು ನೆನಪಾಗಿರಲಿಲ್ಲವೆಂದಲ್ಲ. ಗೆದ್ದವರು ಯಾರೂ ಇರಲಿಲ್ಲ. ಅರ್ಜಿಯ ದಿನ ಹೋಯಿತು, ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಅಮ್ಮ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಅಪ್ಪ ರಿಟೈರಾಗುವವರೆಗೆ ಮತ್ತೂ ಹನ್ನೊಂದು ಮಳೆಗಾಲ ಕಂಬ ಹತ್ತಿದ. ಏನೂ ಆಗಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ, ಅಷ್ಟೇ. ಆದರೆ ಆ ಹನ್ನೊಂದು ಮಳೆಗಾಲ ಅಮ್ಮ ಜಗಲಿ ಗುಡಿಸದೆ ಬಲ್ಬು ನೋಡುತ್ತ ಕೂತಳು. ನಾವಿಬ್ಬರೂ ಮೊಳೆಯ ಮೇಲಿನ ರೇನ್‌ಕೋಟು ನೋಡುತ್ತ ದೊಡ್ಡವರಾದೆವು. ಅಪ್ಪ ಮನೆಯಲ್ಲಿದ್ದ ಆ ಮಳೆಗಾಲದಂಥ ಇನ್ನೊಂದಕ್ಕೆ ನಾನು ಎಷ್ಟು ಕಾದೆನೆಂದರೆ, ಮದುವೆಯಾಗಿ ಧಾರೇಶ್ವರಕ್ಕೆ ಹೋದ ಮೇಲೂ ಜೂನ್ ಬಂದರೆ ಶಾಲೆ ಬಿಡುವ ಹೊತ್ತಿಗೆ, ಸಂಜೆ ನಾಲ್ಕೂವರೆಗೆ, ಕಾಲು ತಾನಾಗಿ ಮುಟ್ಟಳ್ಳಿಯ ಮನೆಯ ಕಡೆ ಎಳೆಯುತ್ತಿತ್ತು.

ಪೆಟ್ಟಿಗೆ ಹಿಡಿದುಕೊಂಡು ಏಣಿ ಇಳಿದೆ. ಬಿಸ್ಕೀಟಿನ ಡಬ್ಬಿಯೂ ಅದರ ಪಕ್ಕವೇ ಇತ್ತು. ಜಗಲಿಯಲ್ಲಿ ಅಮ್ಮನ ಎದುರು ಎಲ್ಲ ಹರಡಿದೆ. ಟ್ರೇಯ ಮೇಲೆ ಬೂಸ್ಟು ಹಿಡಿದಿತ್ತು. ಒರೆಸಲೆಂದು ಎತ್ತಿದಾಗ ಅಡಿಯಲ್ಲಿ ನಾಲ್ಕು ಮಡಿಕೆಯ ಹಾಳೆ. ಶೈಲಾಳ ಕಾಪಿ ಪುಸ್ತಕದ್ದು, ಎರಡು ಗೆರೆಯದ್ದು. ಒಂದು ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳಿನ ಗುರುತು.

ನಾನು ಕುಮಟಾದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಬೆಳಗಿನಿಂದ ಸಂಜೆಯವರೆಗೆ ಜನರ ಅರ್ಜಿ ಓದುವುದೇ ಕೆಲಸ. ಈ ಅರ್ಜಿಯ ಮೊದಲ ಸಾಲು ಓದಲು ನನಗೆ ಬಹಳ ಹೊತ್ತು ಬೇಕಾಯಿತು.

"ಎಂತ ಕಾಗ್ದ ಅದು?" ಎಂದಳು ಅಮ್ಮ. "ನನ್ನ ಕನ್ನಡಕ ಒಳಗದೆ. ನೀನೇ ಓದು."

ಇನ್ನೊಂದು ನಿಯಮ ಹುಟ್ಟಿಸಿ ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದಿದೆ.

"ಮಾನ್ಯರೇ, ಬಿದ್ದ ಮೇಲೆ ನನಗೆ ಕಂಬ ಹತ್ತಲು ಹೆದರಿಕೆಯಾಗುತ್ತದೆ. ಇದನ್ನು ಮನೆಯಲ್ಲಿ ಹೇಳಿರುವುದಿಲ್ಲ. ದೂರು ಬರೆದುಕೊಳ್ಳುವ ಕೆಲಸ ಕೊಟ್ಟರೆ ಮಳೆಗಾಲದಲ್ಲಿ ಸಂಜೆ ಮನೆಯಲ್ಲಿ ಇರಬಹುದು. ಹೆಂಡತಿ ಮಕ್ಕಳ ಜೊತೆ ಕೂತು ರೂಢಿಯಾಗಿರುತ್ತದೆ. ದಯಮಾಡಿ ಮಂಜೂರು ಮಾಡಬೇಕು."

ಕೆಳಗೆ ಸಹಿ ಇತ್ತು. ತಾರೀಕಿನ ಜಾಗ ಖಾಲಿ.

ಆಟ ಮುಗಿಯುವ ಮೊದಲೇ ಬರೆದಿಟ್ಟಿದ್ದ. ಗೆದ್ದ ದಿನ ಅಮ್ಮ ಟ್ರೇ ಎತ್ತಿದಾಗ ಸಿಗಲಿ ಎಂದು ಇಟ್ಟಿದ್ದ. ಆ ಸಂಜೆ ನನ್ನ ಬೆರಳಿನ ಕೆಳಗಿನ ಸಾಲು ಓದಿ, ಸುಳ್ಳೆಂದು ಗೊತ್ತಾಗಿ, ನನ್ನ ಮಾನ ಉಳಿಸಲು ಒಂದು ದಿನ ತಡೆದ. ಆ ಒಂದು ದಿನದಲ್ಲಿ ಫೋನು ಬಂತು. ಒಮ್ಮೆ ಹತ್ತಿ ಇಳಿದ ಮೇಲೆ ಹೆದರಿಕೆ ಹೋಯಿತೋ, ಇಲ್ಲ ಹೆದರಿಕೊಂಡೇ ಹನ್ನೊಂದು ಮಳೆಗಾಲ ಹತ್ತಿದನೋ, ಕೇಳೋಣವೆಂದರೆ ಕುರ್ಚಿಯ ಮೇಲೆ ಬಟ್ಟೆಯ ರಾಶಿ ಇದೆ.

"ಅಮ್ಮಾ," ಎಂದೆ. "ಒಂದು ದಿನ ನಿಲ್ಲಬೇಕು ಅಂದೆನಲ್ಲ, ಅದು ಪುಸ್ತಕದಲ್ಲಿ ಇರಲಿಲ್ಲ. ನಾನೇ ಹುಟ್ಟಿಸಿ ಹೇಳಿದ್ದು. ಗುಡುಗಿನದ್ದೂ, ಬಾವಲಿಯದ್ದೂ, ಎಲ್ಲ ನಾನೇ."

ಅಮ್ಮ ಹಾಳೆ ತೆಗೆದುಕೊಂಡು, ಕನ್ನಡಕವಿಲ್ಲದ ಕಣ್ಣಿನಿಂದ ಆ ಸಹಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮಡಿಕೆ ಇದ್ದ ಹಾಗೇ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ನನ್ನನ್ನು ಬೈಯಲಿಲ್ಲ.

"ಮೂರು ಮನೆ ಅಲ್ದಾ ಇದ್ದದ್ದು?" ಎಂದಳು.

ಬೋರ್ಡು ಬಿಡಿಸಿದೆ. ಪೆನ್ಸಿಲಿನ ಸುತ್ತು ಮಾಸಿದ್ದರೂ ಕಾಣುತ್ತಿತ್ತು. ಡಬ್ಬಿಯಿಂದ ಮುದುಕನ ಗೊಂಬೆ ಹುಡುಕಿ ಅಲ್ಲಿಟ್ಟೆ. ಅಮ್ಮ ಮುಂದೆ ಬಗ್ಗಿ ಅದನ್ನು ಎರಡು ಬೆರಳಲ್ಲಿ ಹಿಡಿದಳು. ಅಪ್ಪನ ಗೊಂಬೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ದಾಳ ಹಾಕೂದು ಬ್ಯಾಡ್ವಾ ಅಜ್ಜಿ?" ಎಂದಳು ಅನನ್ಯಾ.

"ಬ್ಯಾಡ."

ಒಂದು ಮನೆ, ಎರಡು ಮನೆ, ಮೂರು ಮನೆ ನಡೆಸಿ, ಬಾಗಿಲು ದಾಟಿಸಿ ಬೋರ್ಡಿನ ಹೊರಗೆ ಜಗಲಿಯ ನೆಲದ ಮೇಲೆ ನಿಲ್ಲಿಸಿದಳು. ಕರೆಂಟು ಇನ್ನೂ ಬಂದಿರಲಿಲ್ಲ. ಅಮ್ಮ ಬಲ್ಬಿನ ಕಡೆ ನೋಡಲೂ ಇಲ್ಲ.

"ಆತು," ಎಂದಳು. "ಇಳಿದ್ರು."